ಉದ್ದ ಹಿಡಿಯ ಕನ್ನಡಿ

ಪ್ರತಿ ಬೆಳಿಗ್ಗೆ ಆರೂ ಮುಕ್ಕಾಲಿಗೆ
ವಿಲ್ನಿಯಸ್ಸಿನ ಹಿಮಗೆಸರಲ್ಲಿ ಮೊಣಕಾಲೂರಿ
ಸಫರ್‌ಬೆಕ್ ಕಾರಿನ ಹೊಟ್ಟೆ ನೋಡುತ್ತಿದ್ದ.
ಹಳೆಯ ಪೊರಕೆ ಕೋಲಿಗೆ
ನನ್ನದೇ ಮುಖಗನ್ನಡಿ, ವೈರು ಸುತ್ತಿ ಕಟ್ಟಿದ್ದು.
ಮುಂದಿನ ಗಾಲಿ, ಹಿಂದಿನ ಗಾಲಿ, ಸೈಲೆನ್ಸರು,
ಮತ್ತೆ ಒಂದು ಸುತ್ತು.
ಆಮೇಲೆ ಎದ್ದು, ಪ್ಯಾಂಟು ಕೊಡವಿ, ಮಗಳಿಗೆ:
'ಏನೂ ಇಲ್ಲ, ಬಾ, ಹತ್ತು.'

ಪಕ್ಕದ ಯಡ್ವಿಗಾ ಅಜ್ಜಿ ಕಿಟಕಿಯಿಂದ ಕೇಳಿದ್ದಳು ಒಮ್ಮೆ,
ಆಯಿಲು ಸೋರುತ್ತದೆಯೇ ಪಾಪ, ಎಂದು.
ಹೌದು, ಅಂದೆ. ಸೋರುತ್ತದೆ.
ಗಡಿ ದಾಟಿ ಬಂದವರ ಮನೆಯಲ್ಲಿ
ಎಲ್ಲವೂ ಸ್ವಲ್ಪ ಸೋರುತ್ತದೆ.

ಅವನದು ತಿದ್ದುವ ಕೆಲಸ,
ಊರಲ್ಲಿದ್ದಾಗಲೂ, ಇಲ್ಲಿ ಅಡುಗೆಮನೆಯ ಮೇಜಿನ ಮೇಲೂ.
ಅಲ್ಲಿಂದ ಕದ್ದು ಬರುವ ವರದಿಗಳು, ಅರ್ಧಂಬರ್ಧ:
'ಗಣಿಯ ಬಾಗಿಲಲ್ಲಿ ಗುಂಡು ಹಾರಿಸಲಾಯಿತು.'
'ಹನ್ನೊಂದು ಮಂದಿಯನ್ನು ಕರೆದೊಯ್ಯಲಾಗಿದೆ.'
ಕೆಂಪು ಪೆನ್ಸಿಲು ಅಲ್ಲೇ ನಿಲ್ಲುತ್ತಿತ್ತು.
ಲಾಯಿತು, ಲಾಗಿದೆ. ಯಾರು? ಯಾರು ಮಾಡಿದ್ದು?
ತಾನಾಗಿ ಹಾರಲು ಗುಂಡೇನು ಗುಬ್ಬಚ್ಚಿಯೇ?
ಕರ್ತೃವಿಲ್ಲದ ವಾಕ್ಯ
ಮುಸುಕು ಹಾಕಿದ ಪೊಲೀಸು, ಅನ್ನುತ್ತಿದ್ದ.
ಸಿಡುಕ. ಊಟ ಆರಿ ಹೋದರೂ ಏಳುತ್ತಿರಲಿಲ್ಲ.
ನನಗೂ ಎಷ್ಟೋ ಸಲ ರೇಗಿದೆ:
ನಿನ್ನ ಕರ್ತೃಪದ ಹೊಟ್ಟೆ ತುಂಬಿಸುತ್ತದೆಯೇ?

ಆ ಗುರುವಾರ ಕಾರು ಮುಟ್ಟಲೇ ಇಲ್ಲ.
ಕೆಳಗಿನ ಅಂಗಡಿಗೆ, ಕಪ್ಪು ರೊಟ್ಟಿಗೆ, ಮೊಸರಿಗೆ,
ನಿಗೋರಾಳ ಹುಟ್ಟುಹಬ್ಬದ ಏಳು ಮೇಣದಬತ್ತಿಗೆ.
ಹನ್ನೊಂದು ನಿಮಿಷದ ಕೆಲಸ.
ಲಿಫ್ಟು ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತಿತ್ತು.
ಬಾಗಿಲು ಮೀಟಿ ತೆಗೆದಾಗ
ಕೂತೇ ಇದ್ದ, ಚೀಲ ತೊಡೆಯ ಮೇಲೆ,
ರೊಟ್ಟಿ ಇನ್ನೂ ಬೆಚ್ಚಗೆ.
ಕಿವಿಯ ಹಿಂದೆ ಒಂದು ಚುಕ್ಕೆ,
ಸೊಳ್ಳೆ ಕಡಿದಷ್ಟು.
ಫೆಬ್ರವರಿಯಲ್ಲಿ.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ
ತೆಗೆದಿದ್ದರು.
ನೋಡು, 'ರು' ಅಂದೆ.
ನನ್ನ ಬಳಿ ಇರುವ ಸಾಕ್ಷಿ ಆ ಒಂದೇ ಅಕ್ಷರ.

ಮಣ್ಣಿಗೆ ಹನ್ನೆರಡು ಮಂದಿ ಬಂದಿದ್ದರು.
ಮುಂದಿನ ವಾರ ಫೋನು ಮಾಡಿದವರು ಮೂವರು.
ವಾರ್ಸಾದಿಂದ ಇಸ್ಕಂದರ್, ತಗ್ಗಿದ ದನಿಯಲ್ಲಿ:
'ಲಿಫ್ಟು ಬೇಡ ಅಕ್ಕ, ಮೆಟ್ಟಿಲು ಹತ್ತಿ.'
ಹತ್ತಿದೆ, ನೂರು ದಿನ,
ತಿರುವು ತಿರುವಿಗೂ ಬಲ್ಬು ಎಣಿಸುತ್ತಾ.
ಒಂದು ಸಂಜೆ ಚೀಲ ಭಾರವಿತ್ತು, ಗುಂಡಿ ಒತ್ತಿದೆ.
ಸಾವಿಗಿಂತ ಮಂಡಿನೋವು ಹತ್ತಿರದ ನೆಂಟ.

ಇನ್ಸ್‌ಪೆಕ್ಟರ್ ರಿಮ್‌ಕುಸ್ ಒಳ್ಳೆಯವನು.
ಟೋಪಿ ತೆಗೆದು ಕೂತ, ಚಹಾಕ್ಕೆ ಸಕ್ಕರೆ ಬೇಡವೆಂದ,
ಎಂಟು ತಿಂಗಳಾದ ಮೇಲೆ ಒಂದು ಹಾಳೆ ತಂದ:
'ಹೃದಯ ಸ್ತಂಭನವೆಂದು ತೀರ್ಮಾನಿಸಲಾಗಿದೆ.
ಕ್ಯಾಮೆರಾವನ್ನು ಹಿಂದಿನ ದಿನವೇ ದುರಸ್ತಿಗೆ ಒಯ್ಯಲಾಗಿತ್ತು.
ಹೊರದೇಶದ ಕೈವಾಡ ಶಂಕಿಸಲಾಗಿದೆ.
ಕಡತ ಮುಚ್ಚಲಾಗಿದೆ.'
ನಮ್ಮದೇ ರಾಯಭಾರ ಕಚೇರಿಯಿಂದ ಹೂವೂ ಬಂದಿತ್ತು ಆಗಲೇ,
ಚೀಟಿಯಲ್ಲಿ: 'ಸಂತಾಪ ಸೂಚಿಸಲಾಗಿದೆ.'

ರಾತ್ರಿ ಅವನ ಪೆನ್ಸಿಲು ಹುಡುಕಿದೆ.
ಹೆಬ್ಬೆರಳುದ್ದ ಉಳಿದಿತ್ತು,
ಹಿಂತುದಿಯಲ್ಲಿ ಅವನ ಹಲ್ಲಿನ ಗುರುತು.
ಮೊದಲ ಸಾಲಿನ ಪಕ್ಕ ಬರೆದೆ: ಯಾರು?
ಎರಡನೆಯದಕ್ಕೂ: ಯಾರು?
ಮೂರಕ್ಕೆ ಬರುವಾಗ ಸೀಸ ಮುರಿಯಿತು.
ಅಲ್ಲ, ಮುರಿದೆ.
ಅಲ್ಲಿ ಕರ್ತೃ ನಾನು, ಒಪ್ಪುತ್ತೇನೆ.

ಕಾರು ಮಾರಿದೆ.
ಕನ್ನಡಿ ಕೋಲನ್ನು ನಿಗೋರಾ ಕೊಡಲಿಲ್ಲ.
ಈಗ ದಿನಾ ಹಲ್ಲುಜ್ಜಿ ಬಂದವಳು
ಮೊಣಕಾಲೂರಿ
ನನ್ನ ಮಂಚದಡಿಗೆ ಚಾಚುತ್ತಾಳೆ.
ತಲೆಯ ಕಡೆ, ಕಾಲಿನ ಕಡೆ, ಮತ್ತೆ ಒಂದು ಸುತ್ತು.
ಕನ್ನಡಿಯಲ್ಲಿ ಧೂಳು, ಒಂಟಿ ಕಾಲುಚೀಲ, ಅವಳದೇ ಕಣ್ಣು.
ಎದ್ದು, ಫ್ರಾಕು ಕೊಡವಿ, ನನಗೆ:
'ಏನೂ ಇಲ್ಲ, ಬಾ, ಹತ್ತು.'